ಕೂತಲ್ಲೇ ಬೆಳೆಯುವ ಹಣ

ಅಕೌಂಟೆನ್ಸಿ ಓದುವವರಿಗೆಲ್ಲ ‘ಅಕ್ರೂಡ್’ ಎಂಬ ಪದ ಗೊತ್ತು. ಅಕ್ರೂಡ್ ಇನ್‌ಕಮ್, ಅಕ್ರೂಡ್ ಇಂಟರೆಸ್ಟ್. ಲೆಕ್ಕದ ಕೆಳಗೆ ಕೊಡುವ ಅಡ್ಜಸ್ಟ್‌ಮೆಂಟ್‌ಗಳಲ್ಲಿ ಮೂರನೆಯದೋ ನಾಲ್ಕನೆಯದೋ ಆಗಿ ಅದು ಬಂದು ಕೂತಿರುತ್ತದೆ. ನಾವು ಅದನ್ನು ಪ್ರಾಫಿಟ್ ಅಂಡ್ ಲಾಸ್ ಖಾತೆಯ ಜಮಾ ಬದಿಯಲ್ಲಿ ಒಮ್ಮೆ, ಬ್ಯಾಲೆನ್ಸ್ ಶೀಟಿನ ಆಸ್ತಿ ಬದಿಯಲ್ಲಿ ಇನ್ನೊಮ್ಮೆ ಬರೆದು ಮುಂದೆ ಹೋಗುತ್ತೇವೆ. ಎರಡೂ ಕಡೆ ಬರೆದರೆ ಪೂರ್ತಿ ಅಂಕ. ಆ ಪದಕ್ಕೆ ಅರ್ಥವೇನು, ಅದು ಎಲ್ಲಿಂದ ಬಂತು ಎಂದು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ.

ನಾನು ಕೇಳಿಕೊಳ್ಳಲು ಕಾರಣ ನಮ್ಮ ದಾದಿ. ಈ ವರ್ಷ ಹೊಳೆ ಕಡೆಯ ಸ್ವಲ್ಪ ಜಾಗ ಮಾರಿದ್ದರಲ್ಲಿ ದಾದಿಯ ಪಾಲಿಗೆ 1,20,000 ರೂಪಾಯಿ ಬಂತು. ‘ಇದು ನಿನ್ನ ಓದಿಗೆ’ ಎಂದು ದಾದಿ ಎಲ್ಲರ ಎದುರೇ ಹೇಳಿಬಿಟ್ಟರು. ಅಮ್ಮಿ ಬ್ಯಾಂಕಿನಲ್ಲಿ ಎಫ್‌ಡಿ ಇಡೋಣ ಎಂದರು, ಡಿಗ್ರಿ ಮುಗಿಯುವಷ್ಟರಲ್ಲಿ ಬೆಳೆದಿರುತ್ತದೆ ಎಂದು. ದಾದಿ ಒಪ್ಪಲಿಲ್ಲ. ನಮ್ಮ ಮನೆಯ ಮಾತು ಉರ್ದು, ಅದರಲ್ಲೂ ದಖನಿ. ದಾದಿ ಕೇಳಿದ್ದು ಇಷ್ಟೇ: “ಪೈಸಾ ಬೈಠೆ ಬೈಠೆ ಕೈಸಾ ಬಡ್ತಾ?” ಕೂತಲ್ಲೇ ಕೂತು ದುಡ್ಡು ಬೆಳೆಯುವುದು ಹೇಗೆ? ಅಬ್ಬಾ ಎಂದಿನಂತೆ ಟೀ ಕುಡಿಯುತ್ತಾ, ‘ಮನೆಯಲ್ಲಿ ಕಾಮರ್ಸ್ ಓದುವವಳು ಒಬ್ಬಳಿದ್ದಾಳಲ್ಲ, ಅವಳೇ ಹೇಳಲಿ’ ಎಂದು ನನ್ನ ಕಡೆ ತಳ್ಳಿದರು.

ಕಾಲೇಜಿನಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. 1,20,000 ರೂಪಾಯಿಯನ್ನು ಜನವರಿ 1ರಂದು ವರ್ಷಕ್ಕೆ ಶೇಕಡಾ 10ರ ದರದಲ್ಲಿ ಇಟ್ಟರೆ ಮಾರ್ಚ್ 31ಕ್ಕೆ ಮೂರು ತಿಂಗಳ ಬಡ್ಡಿ 3,000 ರೂಪಾಯಿ. ಬ್ಯಾಂಕು ಇನ್ನೂ ಕೊಟ್ಟಿರುವುದಿಲ್ಲ, ನಮ್ಮ ಕೈಗೆ ಒಂದು ಪೈಸೆಯೂ ಬಂದಿರುವುದಿಲ್ಲ. ಆದರೂ ಅದು ನಮ್ಮದೇ ಆದಾಯ, ಬರೆಯಲೇಬೇಕು. ಬಂದಾಗ ಬರೆಯುವುದಲ್ಲ, ಸಲ್ಲಬೇಕಾದಾಗ ಬರೆಯುವುದು. ಇದಕ್ಕೇ ಅಕ್ರೂಯಲ್ ಪದ್ಧತಿ ಎನ್ನುವುದು. 2013ರ ಕಂಪನಿ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಕಂಪನಿಗಳು ಲೆಕ್ಕ ಇಡಬೇಕಾದದ್ದು ಹೀಗೆಯೇ. ನಮ್ಮ ಎಸ್‌ಬಿ ಖಾತೆಯಲ್ಲೂ 2010ರ ಏಪ್ರಿಲ್ 1ರಿಂದ ಪ್ರತಿ ದಿನದ ಬಾಕಿಯ ಮೇಲೆ ಬಡ್ಡಿ ಲೆಕ್ಕವಾಗುತ್ತಿದೆ. ಅಂದರೆ ನಾವು ನಿದ್ದೆ ಮಾಡುವಾಗಲೂ. ಈ ಮಾತು ಕೇಳಿ ದಾದಿಗೆ ಸಮಾಧಾನವಾಗಲಿಲ್ಲ, ಅನುಮಾನ ಹೆಚ್ಚಾಯಿತು.

ಹಾಗಾಗಿ ಒಂದು ದಿನ ಲೈಬ್ರರಿಯಲ್ಲಿ ಎರಡೂ ಕೈಯಲ್ಲಿ ಎತ್ತಬೇಕಾದಂಥ ಇಂಗ್ಲಿಷ್ ನಿಘಂಟನ್ನು ತೆಗೆದು ಕೂತೆ. ಅದರಲ್ಲಿ ಪ್ರತಿ ಪದದ ಹುಟ್ಟನ್ನೂ ಸಣ್ಣ ಅಕ್ಷರದಲ್ಲಿ ಕೊಟ್ಟಿರುತ್ತಾರೆ. ‘ಅಕ್ರೂ’ ಎಂಬ ಕ್ರಿಯಾಪದ ಇಂಗ್ಲಿಷಿಗೆ ಬಂದದ್ದು 15ನೇ ಶತಮಾನದಲ್ಲಿ, ಹಳೆಯ ಫ್ರೆಂಚಿನ ದಾರಿಯಾಗಿ. ಫ್ರೆಂಚಿಗೆ ಅದು ಲ್ಯಾಟಿನ್ನಿನಿಂದ ಬಂದದ್ದು. ಲ್ಯಾಟಿನ್ನಿನಲ್ಲಿ ‘ಕ್ರೆಸ್ಕೆರೆ’ ಎಂದರೆ ಬೆಳೆಯುವುದು. ಅದರ ಹಿಂದೆ ‘ಕಡೆಗೆ’ ಎಂಬ ಅರ್ಥದ ‘ಅದ್’ ಸೇರಿ ‘ಅಕ್ರೆಸ್ಕೆರೆ’ ಆಯಿತು. ಬೆಳೆದು ಬಂದು ಒಂದಕ್ಕೆ ಸೇರಿಕೊಳ್ಳುವುದು ಎಂದರ್ಥ. ಇಂಗ್ಲಿಷಿನಲ್ಲಿ ಇದನ್ನು ಮೊದಲು ಹೆಚ್ಚಾಗಿ ಬಳಸಿದವರು ಕಾನೂನಿನವರು. ಒಂದು ಹಕ್ಕು, ಒಂದು ಪಾಲು ಯಾರಿಗೆ ಹೋಗಿ ಸೇರುತ್ತದೆ ಎಂದು ಹೇಳಲು ಅವರಿಗೆ ಈ ಪದ ಬೇಕಾಗಿತ್ತು. ಅದಕ್ಕೇ ಇವತ್ತಿಗೂ ಲಾಭ ಯಾರಿಗಾದರೂ ‘ಅಕ್ರೂ’ ಆಗುತ್ತದೆ. ಬರೀ ಬೆಳೆದರೆ ಸಾಲದು, ಅದಕ್ಕೊಬ್ಬ ಒಡೆಯ ಇರಬೇಕು.

ಇದೇ ಕುಟುಂಬದ ಇನ್ನೊಂದು ಪದ ‘ಅಕ್ರೀಶನ್’. ಇದು ನನಗೆ ಹೆಚ್ಚು ಇಷ್ಟವಾಯಿತು, ಯಾಕೆಂದರೆ ಅದರಲ್ಲಿ ಹೊಳೆ ಇದೆ. ಹೊಳೆ ದಂಡೆಯ ಹೊಲಕ್ಕೆ ನೀರು ವರ್ಷ ವರ್ಷ ಸ್ವಲ್ಪ ಸ್ವಲ್ಪ ಮೆಕ್ಕಲು ಮಣ್ಣು ತಂದು ಹಾಕಿ ಹೊಲ ದೊಡ್ಡದಾದರೆ, ಹೆಚ್ಚಾದ ಜಾಗ ಹೊಲದವನದೇ ಎಂದು ರೋಮನ್ ಕಾನೂನು ಹೇಳುತ್ತಿತ್ತು. ಆದರೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಬೆಳೆದಿರಬೇಕು. ಹೊಳೆ ಒಮ್ಮೆಲೇ ಉಕ್ಕಿ ಪಕ್ಕದವನ ಹೊಲದ ಒಂದು ತುಂಡನ್ನು ಕಿತ್ತು ತಂದು ನಿಮ್ಮ ಹೊಲಕ್ಕೆ ಅಂಟಿಸಿದರೆ ಅದು ನಿಮ್ಮದಾಗದು, ಪಕ್ಕದವನದಾಗಿಯೇ ಉಳಿಯುತ್ತದೆ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹೊರಡಿಸಿದ ಕಾನೂನು ಪಠ್ಯದಲ್ಲಿ ಈ ಎರಡೂ ಮಾತು ಒಂದರ ಪಕ್ಕ ಒಂದು ಇವೆ. ನಾನು ಇದನ್ನು ದಾದಿಗೆ ಹೇಳಿದೆ. ತುಂಗಭದ್ರೆಯ ಪಕ್ಕದಲ್ಲೇ ಹುಟ್ಟಿ ಬೆಳೆದವರು ಅವರು. ತಕ್ಷಣ ಅರ್ಥವಾಯಿತು. ‘ಹೊಳೆ ಕೊಟ್ಟದ್ದು ಅಲ್ಲಾಹ್ ಕೊಟ್ಟದ್ದು. ಬ್ಯಾಂಕು ಯಾರ ಹೊಲದಿಂದ ಕಿತ್ತು ಕೊಡುತ್ತದೆ?’ ಎಂದರು. ರೋಮನ್ ಕಾನೂನು ಗೊತ್ತಿಲ್ಲದ ನನ್ನ ದಾದಿ ಅದನ್ನೇ ನನ್ನ ಮೇಲೆ ತಿರುಗಿಸಿದರು.

‘ಕ್ರೆಸ್ಕೆರೆ’ಯ ಮಕ್ಕಳು ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ತುಂಬಾ ಇದ್ದಾರೆ. ‘ಇನ್‌ಕ್ರೀಸ್’, ‘ಡಿಕ್ರೀಸ್’ ಎರಡೂ ಅಲ್ಲಿಂದಲೇ. ‘ಕಾಂಕ್ರೀಟ್’ ಎಂದರೆ ಒಟ್ಟಿಗೆ ಬೆಳೆದು ಗಟ್ಟಿಯಾದದ್ದು. ವಿಮಾನದ ‘ಕ್ರೂ’ ಕೂಡ ಇದೇ ಮನೆಯದು. ಮೊದಲು ಆ ಪದಕ್ಕೆ ಸೈನ್ಯಕ್ಕೆ ಹೆಚ್ಚುವರಿಯಾಗಿ ಬಂದು ಸೇರಿದವರು ಎಂಬ ಅರ್ಥವಿತ್ತು. ‘ರಿಕ್ರೂಟ್’ ಅದರ ತಮ್ಮ. ಇನ್ನು ‘ಕ್ರೆಸೆಂಟ್’. ನಮ್ಮಲ್ಲಿ ಎಷ್ಟು ಅಂಗಡಿಗಳಿಗೆ, ಶಾಲೆಗಳಿಗೆ ಈ ಹೆಸರಿದೆ! ನಾವು ಅದನ್ನು ಚಂದ್ರನ ಆಕಾರದ ಹೆಸರು ಎಂದುಕೊಂಡಿದ್ದೇವೆ. ಲ್ಯಾಟಿನ್ನಿನಲ್ಲಿ ಅದು ಆಕಾರವಲ್ಲ, ಕೆಲಸ: ‘ಬೆಳೆಯುತ್ತಿರುವ ಚಂದ್ರ’. ಆ ಲೆಕ್ಕದಲ್ಲಿ ರಂಜಾನಿನ ಕೊನೆಗೆ ಮಾಳಿಗೆ ಹತ್ತಿ ನಾವು ಹುಡುಕುವ ಹಿಲಾಲ್ ನಿಜವಾದ ಕ್ರೆಸೆಂಟ್. ತಿಂಗಳ ಕೊನೆಯಲ್ಲಿ ಬೆಳಗಿನ ಜಾವ ಕಾಣುವ ತೆಳು ಗೆರೆ ಅದೇ ಆಕಾರದಲ್ಲಿದ್ದರೂ ಆ ಹೆಸರಿಗೆ ಹಕ್ಕುದಾರನಲ್ಲ, ಯಾಕೆಂದರೆ ಅದು ಸವೆಯುತ್ತಿರುತ್ತದೆ.

ಇಂಗ್ಲಿಷಿಗೆ ತನ್ನದೇ ಆದ, ಎಲ್ಲಿಂದಲೂ ತರದ ಪದಗಳೂ ಇದ್ದವು. ‘ಗ್ರೋ’ ಅವುಗಳಲ್ಲೊಂದು. ಹುಲ್ಲಿನ ‘ಗ್ರಾಸ್’, ಹಸಿರಿನ ‘ಗ್ರೀನ್’ ಅದರ ಒಡಹುಟ್ಟಿದವು. ಅಂದರೆ ಅವರ ‘ಗ್ರೋ’ ಮೊದಲು ಗಿಡಕ್ಕೆ ಸೇರಿದ್ದು. ಉಳಿದದ್ದಕ್ಕೆಲ್ಲ ‘ವ್ಯಾಕ್ಸ್’ ಎನ್ನುತ್ತಿದ್ದರು, ಈಗ ಅದು ಹೆಚ್ಚಾಗಿ ಚಂದ್ರನಿಗೆ ಮಾತ್ರ ಉಳಿದುಕೊಂಡಿದೆ. ಮೇಣದ ಬತ್ತಿಗೂ ಇದಕ್ಕೂ ಸಂಬಂಧವಿಲ್ಲ.

ಇಷ್ಟು ಹೊತ್ತು ಇಂಗ್ಲಿಷ್ ಆಯಿತು. ನನಗೆ ಆಶ್ಚರ್ಯ ಕಾದಿದ್ದದ್ದು ನಮ್ಮ ಊರಿನ ಪದದಲ್ಲೇ. ‘ಬಡ್ಡಿ’ ಎಂಬುದು ‘ವೃದ್ಧಿ’ಯ ತದ್ಭವ. ಹೈಸ್ಕೂಲಿನಲ್ಲಿ ವೃದ್ಧಿ ಸಂಧಿ ಬಾಯಿಪಾಠ ಮಾಡಿದವರಿಗೆಲ್ಲ ಈ ಪದ ನೆನಪಿರುತ್ತದೆ. ವೃದ್ಧಿ ಎಂದರೆ ಬೆಳವಣಿಗೆ. ಅಭಿವೃದ್ಧಿಯಲ್ಲಿರುವುದೂ ಅದೇ, ಬೆಳೆದು ವಯಸ್ಸಾದ ವೃದ್ಧರಲ್ಲಿರುವುದೂ ಅದೇ. ಸಂಸ್ಕೃತದ ಹಳೆಯ ಧರ್ಮಶಾಸ್ತ್ರಗಳಲ್ಲಿ ಬಡ್ಡಿಗೆ ವೃದ್ಧಿ ಎಂದೇ ಹೆಸರು. ಬಡ್ಡಿಯ ಮೇಲೆ ಬಡ್ಡಿಗೆ ‘ಚಕ್ರವೃದ್ಧಿ’, ಅದೇ ನಮ್ಮ ಚಕ್ರಬಡ್ಡಿ. ಇನ್ನೂ ತಮಾಷೆ ಎಂದರೆ, ದಾದಿ ಕೇಳಿದ ಪ್ರಶ್ನೆಯಲ್ಲಿದ್ದ ‘ಬಡ್ತಾ’ ಕೂಡ ಇದೇ ಬೇರಿನಿಂದ ಬಂದದ್ದು. ಉರ್ದುವಿನ ‘ಬಢ್‌ನಾ’ ಪ್ರಾಕೃತದ ಮೂಲಕ ಬಂದ ಸಂಸ್ಕೃತದ ‘ವರ್ಧ’. ದಾದಿ ಬಡ್ಡಿ ಬೇಡ ಎನ್ನುವಾಗಲೂ ಬಡ್ಡಿಯ ಅಕ್ಕನನ್ನೇ ಬಾಯಲ್ಲಿ ಇಟ್ಟುಕೊಂಡಿದ್ದರು!

ಇತ್ತ ಕನ್ನಡದವರು ಅಸಲು ಎನ್ನುತ್ತಾರಲ್ಲ, ಅದು ಅರಬ್ಬಿಯ ‘ಅಸ್ಲ್’, ಅರ್ಥ ಬೇರು, ಮೂಲ. ‘ಅಸಲು ಬಡ್ಡಿ ಎರಡೂ ತೀರಿಸಿದೆ’ ಎಂದು ಸಂತೆಯಲ್ಲಿ ಯಾರಾದರೂ ಹೇಳಿದರೆ, ಬೇರು ಅರಬ್ಬಿಯದು, ಬೆಳೆ ಸಂಸ್ಕೃತದ್ದು, ವಾಕ್ಯ ಕನ್ನಡದ್ದು. ಜಮಾ, ಬಾಕಿ, ವಸೂಲಿ ಇವೆಲ್ಲ ಅರಬ್ಬಿಯಿಂದ, ರಸೀದಿ ಪಾರ್ಸಿಯಿಂದ ಬಂದವು. ಲೆಕ್ಕದ ಪುಸ್ತಕ ತೆರೆದರೆ ನನಗೆ ಅರ್ಧ ಮನೆಯಲ್ಲಿದ್ದಂತೆ, ಅರ್ಧ ಬೀದಿಯಲ್ಲಿದ್ದಂತೆ ಅನ್ನಿಸುತ್ತದೆ. ಕನ್ನಡ ನಿನಗೆ ಕಷ್ಟವಾಗುವುದಿಲ್ಲವೇ ಎಂದು ಕೇಳುವವರಿಗೆ ನಾನು ಈಗ ಈ ಪಟ್ಟಿ ಒಪ್ಪಿಸುತ್ತೇನೆ.

ಉರ್ದುವಿನಲ್ಲಿ ಬಡ್ಡಿಗೆ ‘ಸೂದ್’ ಎನ್ನುತ್ತಾರೆ. ಅದು ಪಾರ್ಸಿ, ಅರ್ಥ ಪ್ರಯೋಜನ, ಲಾಭ. ಚಕ್ರಬಡ್ಡಿಗೆ ‘ಸೂದ್ ದರ್ ಸೂದ್’. ಆದರೆ ದಾದಿಯ ತಕರಾರು ಇರುವುದು ಅರಬ್ಬಿಯ ‘ರಿಬಾ’ ಎಂಬ ಪದದ ಹತ್ತಿರ. ಕುರ್‌ಆನ್ ವ್ಯಾಪಾರಕ್ಕೆ ಅವಕಾಶ ಕೊಟ್ಟು ರಿಬಾವನ್ನು ನಿಷೇಧಿಸಿದೆ ಎಂಬುದು ನಮ್ಮ ಕಾಲೇಜಿನಲ್ಲಿ ಹೆಚ್ಚಿನವರಿಗೆ ಗೊತ್ತು. ಆ ಪದದ ಅರ್ಥ ನೋಡಿದರೆ ಮತ್ತೆ ಅದೇ: ಹೆಚ್ಚಾಗುವುದು, ಬೆಳೆಯುವುದು, ಮೇಲೇರುವುದು. ಅದೇ ಬೇರಿನ ‘ರಬ್ವಾ’ ಎಂದರೆ ದಿಬ್ಬ. ಅದೇ ಬೇರಿನಿಂದಲೇ ‘ತರ್ಬಿಯತ್’ ಕೂಡ ಬಂದಿದೆ. ಮಕ್ಕಳನ್ನು ಬೆಳೆಸುವುದಕ್ಕೆ, ಒಳ್ಳೆಯ ನಡತೆ ಕಲಿಸುವುದಕ್ಕೆ ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಬಳಸುವ ಪದ ಅದು. ಮನೆಯಲ್ಲಿ ಅತ್ಯಂತ ಕೆಟ್ಟದ್ದೆಂದು ಕೇಳಿದ ಪದವೂ ಅತ್ಯಂತ ಒಳ್ಳೆಯದೆಂದು ಕೇಳಿದ ಪದವೂ ಒಂದೇ ಗಿಡದ ಎರಡು ಕೊಂಬೆ ಎಂದು ತಿಳಿದಾಗ ನಾನು ನಿಘಂಟು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇನ್ನು ಝಕಾತ್. ವರ್ಷಕ್ಕೊಮ್ಮೆ ಉಳಿತಾಯದ ಶೇಕಡಾ 2.5 ಭಾಗ ತೆಗೆದು ಕೊಡುತ್ತೇವಲ್ಲ, ಆ ಪದಕ್ಕೂ ಶುದ್ಧಿ ಮತ್ತು ಬೆಳವಣಿಗೆ ಎಂಬ ಎರಡು ಅರ್ಥಗಳಿವೆ. ಒಂದು ಪದದಲ್ಲಿ ಪಡೆದು ಬೆಳೆಯುವುದು, ಇನ್ನೊಂದರಲ್ಲಿ ಕೊಟ್ಟು ಬೆಳೆಯುವುದು. ಬ್ಯಾಲೆನ್ಸ್ ಶೀಟಿನಲ್ಲಿ ಎರಡನೆಯದನ್ನು ಎಲ್ಲಿ ಬರೆಯುವುದೋ, ನಮ್ಮ ಲೆಕ್ಚರರನ್ನೇ ಕೇಳಬೇಕು.

ಹಣ ಬೆಳೆಯುತ್ತದೆಯೇ ಎಂಬ ಅನುಮಾನ ದಾದಿಗೆ ಮಾತ್ರ ಬಂದದ್ದೂ ಅಲ್ಲ. ಗ್ರೀಕ್ ಭಾಷೆಯಲ್ಲಿ ಬಡ್ಡಿಗೆ ‘ತೋಕೊಸ್’ ಎನ್ನುತ್ತಿದ್ದರು. ಅದರ ಇನ್ನೊಂದು ಅರ್ಥ ಮರಿ, ಸಂತಾನ. ಅರಿಸ್ಟಾಟಲ್ ತನ್ನ ‘ಪಾಲಿಟಿಕ್ಸ್’ ಗ್ರಂಥದಲ್ಲಿ ಈ ಪದವನ್ನೇ ಹಿಡಿದು, ಹಣದಿಂದ ಹಣ ಹುಟ್ಟಿಸುವುದು ಗಳಿಕೆಯ ದಾರಿಗಳಲ್ಲೆಲ್ಲ ಪ್ರಕೃತಿಗೆ ತೀರಾ ವಿರುದ್ಧವಾದದ್ದು ಎಂದು ವಾದಿಸಿದ್ದಾನೆ. ಯುರೋಪಿನ ಚರ್ಚು ಕೂಡ ನೂರಾರು ವರ್ಷ ಬಡ್ಡಿಯನ್ನು ಪಾಪ ಎಂದಿತ್ತು. ‘ಇಂಟರೆಸ್ಟ್’ ಎಂಬ ಪದ ಬೆಳೆದದ್ದೇ ಆ ಇಕ್ಕಟ್ಟಿನಲ್ಲಿ. ಸಾಲ ಕೊಟ್ಟವನಿಗೆ ಆದ ನಷ್ಟವನ್ನು ತುಂಬಿಕೊಡುವುದು ಬಡ್ಡಿಯಲ್ಲ, ಅದು ಬೇರೆ ಎಂದು ತೋರಿಸಲು ವಕೀಲರು ಬಳಸಿದ ಲ್ಯಾಟಿನ್ ಪದ ಅದು. ಹೆಸರು ಬದಲಾಯಿಸಿ ಬಾಗಿಲಿನಿಂದ ಒಳಗೆ ಬರುವುದು ಹೊಸದೇನಲ್ಲ.

ಇಷ್ಟನ್ನೂ ಹೇಳಿದರೆ ಅಮ್ಮಿ ಏನೆಂದರು ಗೊತ್ತೇ? “ಪದ ಎಲ್ಲಾ ಸರಿ, ನನ್ನ ಮಷೀನಿಗೆ ಏನು ಮಾಡಲಿ?” ಅಮ್ಮಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಓವರ್‌ಲಾಕ್ ಮಷೀನು ಮತ್ತು ಮೋಟಾರಿಗೆ 30,000 ಬೇಕಾಗಿತ್ತು. ಅದಕ್ಕೆ ಸಾಲ ಕೊಡುವ ಒಂದು ಸಂಸ್ಥೆಯವರು ನಮ್ಮ ಬೀದಿಗೆ ಬಂದು, ವರ್ಷಕ್ಕೆ 12 ಪರ್ಸೆಂಟ್ ಮಾತ್ರ, ತಿಂಗಳಿಗೆ 2,800ರಂತೆ 12 ಕಂತು ಎಂದು ಹೇಳಿ ಹೋಗಿದ್ದರು. ಎದುರು ಮನೆಯ ಅಕ್ಕ ಆಗಲೇ ತೆಗೆದುಕೊಂಡಿದ್ದರು. ನಾನು ಕೂತು ಲೆಕ್ಕ ಹಾಕಿದೆ. ಒಟ್ಟು ಕಟ್ಟುವುದು 33,600, ಬಡ್ಡಿ 3,600. 30,000ಕ್ಕೆ 3,600 ಎಂದರೆ 12 ಪರ್ಸೆಂಟ್ ಹೌದು. ಆದರೆ 30,000 ಪೂರ್ತಿ ವರ್ಷ ಅಮ್ಮಿಯ ಹತ್ತಿರ ಇರುವುದೇ ಇಲ್ಲ. ತಿಂಗಳಿಗೆ 2,500 ಅಸಲು ಹೋಗುತ್ತಾ ಹೋದರೆ ಎರಡನೆಯ ತಿಂಗಳು ಕೈಯಲ್ಲಿರುವುದು 27,500, ಕೊನೆಯ ತಿಂಗಳು ಬರೀ 2,500. ಹನ್ನೆರಡು ತಿಂಗಳ ಸರಾಸರಿ ತೆಗೆದರೆ 16,250. ಅದರ ಮೇಲೆ 3,600 ಬಡ್ಡಿ ಎಂದರೆ ಶೇಕಡಾ 22. ಇದಕ್ಕೆ ‘ಫ್ಲ್ಯಾಟ್ ರೇಟ್’ ಎನ್ನುತ್ತಾರೆ. ತೀರಿಸಿದ ಅಸಲಿನ ಮೇಲೂ ಕೊನೆಯವರೆಗೆ ಬಡ್ಡಿ ‘ಅಕ್ರೂ’ ಆಗುತ್ತಲೇ ಇರುತ್ತದೆ. ಹೊಲ ಮಾರಿದ ಮೇಲೂ ಹೊಳೆಯ ಮಣ್ಣಿನ ಲೆಕ್ಕ ಕೇಳಿದ ಹಾಗೆ.

ಸಂತೆಯಲ್ಲಿ ಕೈಸಾಲ ಕೊಡುವವರದು ಇನ್ನೂ ಬೇರೆ. ‘ಮೂರು ರೂಪಾಯಿ ಬಡ್ಡಿ’ ಎಂದರೆ ಕೇಳಲು ಎಷ್ಟು ಸಣ್ಣದು! ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ 36. ಕಟ್ಟದೆ ಬಡ್ಡಿಗೆ ಬಡ್ಡಿ ಸೇರಿದರೆ ವರ್ಷಕ್ಕೆ 42.5 ದಾಟುತ್ತದೆ. ಅದಕ್ಕೂ ಮೇಲಿನದು ಮೀಟರ್ ಬಡ್ಡಿ. ಆಟೋ ನಿಂತಿದ್ದರೂ ಓಡುವ ಮೀಟರಿನ ಹಾಗೆ ಎಂದು ಈ ಹೆಸರು ಯಾರಿಟ್ಟರೋ, ಇಂಗ್ಲಿಷಿನ ‘ಅಕ್ರೂ’ಗೆ ಇದಕ್ಕಿಂತ ಒಳ್ಳೆಯ ಕನ್ನಡ ಸಿಗಲಾರದು. 2025ರಲ್ಲಿ ಸಾಲ ವಸೂಲಿಯ ಕಿರುಕುಳ ತಡೆಯಲು ನಮ್ಮ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ನನ್ನ ಲೆಕ್ಕದ ಹಾಳೆಯನ್ನು ದಾದಿ ಓದಲಿಲ್ಲ, ನಾನು ಓದಿ ಹೇಳಿದೆ. 22 ಎಂದಾಗ ಅಮ್ಮಿಯ ಮುಖ ನೋಡಿದರು. ಅತ್ತೆ ಸೊಸೆ ಇಬ್ಬರಿಗೂ ಹಣದ ವಿಷಯದಲ್ಲಿ ಎಂದೂ ಸರಿ ಬಂದವರಲ್ಲ. ಆದರೆ ಆ ದಿನ ದಾದಿ, ‘ನನ್ನ ಹತ್ತಿರ ತಗೋ. ಕರ್ಜೆ ಹಸನಾ. ತಿಂಗಳಿಗೆ 2,500 ಕೊಡು, ಒಂದು ರೂಪಾಯಿ ಹೆಚ್ಚು ಬೇಡ’ ಎಂದರು. ಬಡ್ಡಿ ಇಲ್ಲದ ಒಳ್ಳೆಯ ಸಾಲಕ್ಕೆ ನಮ್ಮಲ್ಲಿ ಆ ಹೆಸರು. ಅಮ್ಮಿ ಮೊದಲು ಬೇಡವೆಂದರು, ಆಮೇಲೆ ಬರೆದಿಡುವುದಾದರೆ ಮಾತ್ರ ಎಂದರು. ಹಾಗಾಗಿ ಒಂದು ನೋಟ್‌ಬುಕ್ ತಂದೆ. ದಾದಿ ಬಲಗಡೆಯ ರಟ್ಟಿನಿಂದ ಉರ್ದುವಿನಲ್ಲಿ ಬರೆಯುತ್ತಾರೆ, ನಾನು ಅಮ್ಮಿಯ ಪರವಾಗಿ ಎಡಗಡೆಯಿಂದ ಕನ್ನಡದಲ್ಲಿ ಬರೆಯುತ್ತೇನೆ. ಎರಡು ಕಂತು ಆಗಿವೆ. ಎರಡೂ ಬದಿ ತಾಳೆಯಾಗಿದೆ.

ಉಳಿದದ್ದು 90,000. ಇದರ ಬಗ್ಗೆ ಮನೆಯಲ್ಲಿ ಇನ್ನೂ ಮಾತು ಮುಗಿದಿಲ್ಲ. ಅಮ್ಮಿ ಈಗಲೂ ಎಫ್‌ಡಿಯ ಕಡೆಗೇ ಇದ್ದಾರೆ, ಬೆಲೆಗಳು ಏರುತ್ತಿರುವಾಗ ಹಣವನ್ನು ಹಾಗೇ ಇಟ್ಟರೆ ಅದು ಕೂತಲ್ಲೇ ಕರಗುತ್ತದೆ ಎನ್ನುತ್ತಾರೆ. ಆ ಮಾತು ಸುಳ್ಳಲ್ಲ, ದಾದಿಯ ಬಳಿ ಅದಕ್ಕೆ ಉತ್ತರವಿಲ್ಲ. ಚಾಚಾ ತಮ್ಮ ಬಳೆ ಅಂಗಡಿಯಲ್ಲಿ ಪಾಲು ಕೊಡುತ್ತೇನೆ ಎಂದಿದ್ದಾರೆ, ಲಾಭ ಬಂದರೆ ಲಾಭ, ನಷ್ಟವಾದರೆ ನಷ್ಟ. ದಾದಿಗೆ ಇದು ಹಿಡಿಸಿದೆ. ನಾನು ಪಾಲುದಾರಿಕೆಯ ಪಾಠ ತೆಗೆದು ಓದಿದೆ. 1932ರ ಪಾಲುದಾರಿಕೆ ಕಾಯ್ದೆಯಂತೆ, ಕರಾರು ಇಲ್ಲದಿದ್ದರೆ ಬಂಡವಾಳದ ಮೇಲೆ ಬಡ್ಡಿ ಇಲ್ಲ, ಲಾಭನಷ್ಟ ಸಮಪಾಲು. ಬಂಡವಾಳಕ್ಕಿಂತ ಹೆಚ್ಚಾಗಿ ಪಾಲುದಾರ ಕೊಟ್ಟ ಹಣಕ್ಕೆ ಮಾತ್ರ ಶೇಕಡಾ 6. ‘ಸರ್ಕಾರದ ಕಾನೂನಿನಲ್ಲೂ ಬಂಡವಾಳಕ್ಕೆ ಬಡ್ಡಿ ಇಲ್ಲವಾ?’ ಎಂದು ದಾದಿ ಗೆದ್ದವರ ಹಾಗೆ ಅಮ್ಮಿಯ ಕಡೆ ನೋಡಿದರು. ಆದರೆ ಸಮಪಾಲು ಎಂದರೆ ಚಾಚಾ ಒಪ್ಪುವುದಿಲ್ಲ, ದಿನವಿಡೀ ಅಂಗಡಿಯಲ್ಲಿ ನಿಲ್ಲುವವರು ಅವರು. ಆದ್ದರಿಂದ ಕರಾರು ಬೇಕೇ ಬೇಕು, ಬಾಯಿಮಾತಲ್ಲ, ಸ್ಟಾಂಪ್ ಪೇಪರ್ ಮೇಲೆ. ತಮ್ಮನ ಹತ್ತಿರ ಸ್ಟಾಂಪ್ ಪೇಪರ್ ಏಕೆ ಎಂದು ಅಬ್ಬಾ ಮುಖ ಸಿಂಡರಿಸಿದ್ದಾರೆ. ಕರಡು ನಾನೇ ಬರೆದಿಟ್ಟಿದ್ದೇನೆ, ಒಂದು ಪ್ರತಿ ಕನ್ನಡದಲ್ಲಿ, ದಾದಿಗಾಗಿ ಒಂದು ಉರ್ದುವಿನಲ್ಲಿ. ಭಾನುವಾರ ಚಾಚಾ ಊಟಕ್ಕೆ ಬರುತ್ತಾರೆ.